ಗುಜರಿಗೆ ಹಾಕುವ ಮುನ್ನ ಮೂರು ಕಂಪ್ಯೂಟರ್ ಉಳಿಸಿ

ನಮ್ಮ ಕಾಲೇಜಿನ ಹಳೆ ಲ್ಯಾಬಿನ ಹನ್ನೆರಡು ಕಂಪ್ಯೂಟರ್‌ಗಳನ್ನು ಸ್ಟೋರ್ ರೂಮಿನ ಪಕ್ಕದ ವರಾಂಡದಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಿರುವುದನ್ನು ಎಲ್ಲರೂ ನೋಡಿದ್ದೀರಿ. ಹೊಸವು ಬಂದಿವೆ, ಹಳೆಯವು ತಿಂಗಳ ಕೊನೆಗೆ ಗುಜರಿಗೆ ಹೋಗುತ್ತವೆ ಎಂದು ಆಫೀಸಿನಲ್ಲಿ ಹೇಳುತ್ತಿದ್ದಾರೆ. ಹೊಸ ಲ್ಯಾಬ್ ಮಾಡಿಕೊಟ್ಟ ಆಡಳಿತ ಮಂಡಳಿಗೆ ಮೊದಲು ಧನ್ಯವಾದ ಹೇಳುತ್ತೇನೆ. ಆದರೆ ಹನ್ನೆರಡರಲ್ಲಿ ಮೂರನ್ನು ಮಾತ್ರ ಕೊಟ್ಟುಬಿಡಬೇಡಿ ಎಂಬುದು ನನ್ನ ಕೋರಿಕೆ. ಆ ಮೂರಕ್ಕೆ ಲಿನಕ್ಸ್ ಹಾಕೋಣ. ಅದರ ಮೇಲೆ ಕ್ಯೂಬರ್ನೆಟೀಸ್ ಎಂಬ ತಂತ್ರಾಂಶ ಹಾಕೋಣ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರ ಜೊತೆಗೆ ನಮ್ಮಂಥ ಎಚ್‌ಇಬಿಎ ವಿದ್ಯಾರ್ಥಿಗಳಿಗೂ ಅದರ ಮುಂದೆ ಕುಳಿತುಕೊಳ್ಳಲು ಅವಕಾಶ ಇರಲಿ.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. "ನಮ್ಮನ್ನ ಲ್ಯಾಬ್ ಒಳಗೇ ಬಿಡಲ್ಲ, ನೀನು ಸರ್ವರ್ ಬಗ್ಗೆ ಮಾತಾಡ್ತೀಯಲ್ಲ" ಎಂದರು. ನಗು ಸಹಜ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಓದುವವರಿಗೂ ಸರ್ವರಿಗೂ ಏನು ಸಂಬಂಧ ಎಂದು ನಾವೇ ನಂಬಿಬಿಟ್ಟಿದ್ದೇವೆ. ಆ ನಂಬಿಕೆ ಸರಿಯಲ್ಲ ಎಂದು ತೋರಿಸಲು ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ಆ ಕಂಪ್ಯೂಟರ್‌ಗಳ ವಿಷಯ. ಅವು ಕೆಟ್ಟಿಲ್ಲ. ಅವುಗಳಲ್ಲಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇರಬೇಕು. ನಮ್ಮ ಹಳೆ ಯಂತ್ರಗಳು ಆ ಪಟ್ಟಿಯಲ್ಲಿಲ್ಲ. ಅಂದರೆ ಯಂತ್ರ ನಿಂತಿಲ್ಲ, ಅದಕ್ಕೆ ಹೊಂದುವ ವಿಂಡೋಸ್ ನಿಂತಿದೆ. ಲಿನಕ್ಸಿಗೆ ಈ ತಕರಾರಿಲ್ಲ. 4 ಜಿಬಿ ರ್‍ಯಾಮ್ ಇರುವ ಹಳೆ ಯಂತ್ರದಲ್ಲೂ ಉಬುಂಟು ಸರ್ವರ್ ಆರಾಮಾಗಿ ಓಡುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ನಮ್ಮ ಪಾಠದ ಭಾಷೆಯಲ್ಲೇ ಲೆಕ್ಕ ಹಾಕಿ ನೋಡಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರಷ್ಟು ಸವಕಳಿ, ಅದೂ ಇಳಿಕೆ ಮೌಲ್ಯ ಪದ್ಧತಿಯಲ್ಲಿ. ಒಂದು ಕಂಪ್ಯೂಟರನ್ನು 40,000 ರೂಪಾಯಿಗೆ ಕೊಂಡಿದ್ದೇವೆ ಎಂದುಕೊಳ್ಳೋಣ. ಎಂಟು ವರ್ಷ ಕಳೆದರೆ ಪುಸ್ತಕದಲ್ಲಿ ಅದರ ಬೆಲೆ ಸುಮಾರು 672 ರೂಪಾಯಿ. ನಮ್ಮ ಮಾಮುಗೆ ಗುಜರಿ ಅಂಗಡಿ ಇದೆ. ಅವರು ಕಂಪ್ಯೂಟರನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆ, ಕಬ್ಬಿಣ ಬೇರೆ, ಬೋರ್ಡ್ ಬೇರೆ, ವೈರ್ ಬೇರೆ. ಪುಸ್ತಕದ ಬೆಲೆಯೂ ತಕ್ಕಡಿಯ ಬೆಲೆಯೂ ಇಷ್ಟೇ. ಆದರೆ ಮೂರು ಯಂತ್ರಗಳಿಂದ ವರ್ಷಕ್ಕೆ ಇಪ್ಪತ್ತು ಮೂವತ್ತು ಜನ ಏನನ್ನಾದರೂ ಕಲಿತರೆ ಅದರ ಬೆಲೆಯನ್ನು ಯಾವ ಖಾತೆಯಲ್ಲಿ ಬರೆಯುತ್ತೀರಿ?

ಈಗ ಕ್ಯೂಬರ್ನೆಟೀಸ್ ಎಂದರೇನು ಎಂದು ಹೇಳಬೇಕು. ನಮ್ಮ ಕಡೆಯ ಮದುವೆ ಊಟ ನೆನಪಿಸಿಕೊಳ್ಳಿ. ಹಾಲಿನ ಬಾಗಿಲಲ್ಲಿ ಒಬ್ಬ ಚಾಚಾ ನಿಂತಿರುತ್ತಾರೆ. ಅವರು ಬಡಿಸುವುದಿಲ್ಲ, ಅಡಿಗೆ ಮಾಡುವುದಿಲ್ಲ. ಪ್ರತಿ ಸಾಲಿಗೆ ಮೂವರು ಬಡಿಸುವವರು ಇರಬೇಕು ಎಂದು ಅವರ ತಲೆಯಲ್ಲಿ ಒಂದು ಲೆಕ್ಕ ಇರುತ್ತದೆ. ಯಾರೋ ಒಬ್ಬ ಹುಡುಗ ಫೋನ್ ಬಂತೆಂದು ಹೊರಗೆ ಹೋದರೆ ಚಾಚಾ ತಕ್ಷಣ ಇನ್ನೊಬ್ಬನನ್ನು ಕಳಿಸುತ್ತಾರೆ. ಜನ ಹೆಚ್ಚು ಬಂದರೆ ಇನ್ನೊಂದು ಸಾಲು ಹಾಕಿಸುತ್ತಾರೆ. ಹೋದವನು ಯಾರು, ಯಾಕೆ ಹೋದ ಎಂಬ ವಿಚಾರಣೆ ಆಮೇಲೆ. ಮೊದಲು ಸಾಲಿನಲ್ಲಿ ಮೂವರು ಇರಬೇಕು.

ಕ್ಯೂಬರ್ನೆಟೀಸ್ ಆ ಚಾಚಾ. ಒಂದು ವೆಬ್‌ಸೈಟನ್ನು ಲಕ್ಷಾಂತರ ಜನ ಒಟ್ಟಿಗೆ ತೆರೆದಾಗ ಒಂದು ಕಂಪ್ಯೂಟರಿನಿಂದ ಉತ್ತರ ಕೊಡಲು ಆಗುವುದಿಲ್ಲ. ಫಲಿತಾಂಶದ ದಿನ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುವುದನ್ನು ನಾವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ನೋಡಿದ್ದೇವೆ. ಆಗ ಅದೇ ತಂತ್ರಾಂಶದ ಹಲವು ಪ್ರತಿಗಳನ್ನು ಹಲವು ಕಂಪ್ಯೂಟರ್‌ಗಳಲ್ಲಿ ಓಡಿಸಬೇಕು. ಯಾವ ಪ್ರತಿ ಎಲ್ಲಿ ಓಡಬೇಕು, ಒಂದು ಸತ್ತರೆ ಇನ್ನೊಂದನ್ನು ಎಲ್ಲಿ ಎಬ್ಬಿಸಬೇಕು ಎಂದು ನೋಡಿಕೊಳ್ಳುವವರು ಬೇಕು. ಮನೆಯಲ್ಲಿ ಅಮ್ಮಿ "ಅದು ಏನು ಮಾಡುತ್ತೆ?" ಎಂದು ಕೇಳಿದಾಗ ನಾನು "ನಿಗರಾನಿ" ಎಂದೆ. ಕನ್ನಡದಲ್ಲಿ ಉಸ್ತುವಾರಿ ಎನ್ನಬಹುದು.

ಇದನ್ನು ಗೂಗಲ್ ಎಂಜಿನಿಯರುಗಳು ಆರಂಭಿಸಿ 2014ರ ಜೂನ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. ಮೊದಲ ಪೂರ್ಣ ಆವೃತ್ತಿ 2015ರ ಜುಲೈನಲ್ಲಿ ಬಂತು. ಇದು ಈಗ ಲಿನಕ್ಸ್ ಫೌಂಡೇಷನ್ನಿನ ಅಂಗಸಂಸ್ಥೆಯೊಂದರ ಕೈಯಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಕ್ಯೂಬರ್ನೆಟೀಸ್ ಎಂಬುದು ಗ್ರೀಕ್ ಮಾತು. ಹಡಗಿನ ಚುಕ್ಕಾಣಿ ಹಿಡಿಯುವವನು ಎಂದು ಅರ್ಥ. ಇದು ನೋಡಿಕೊಳ್ಳುವ ತಂತ್ರಾಂಶದ ಪೆಟ್ಟಿಗೆಗಳಿಗೆ ಕಂಟೇನರ್ ಎನ್ನುತ್ತಾರೆ. ಆ ಹೆಸರು ಬಂದದ್ದೂ ವ್ಯಾಪಾರದಿಂದಲೇ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಕಳಿಸಿದ. ಒಳಗೆ ಏನೇ ಇರಲಿ, ಪೆಟ್ಟಿಗೆಯ ಅಳತೆ ಒಂದೇ ಇದ್ದರೆ ಯಾವ ಕ್ರೇನ್ ಆದರೂ ಎತ್ತಬಹುದು, ಯಾವ ಲಾರಿಯಾದರೂ ಹೊರಬಹುದು ಎಂಬುದು ಅವನ ಲೆಕ್ಕ. ಮಂಗಳೂರು ಬಂದರಿನಲ್ಲಿ ಇಂದು ಇಳಿಯುವ ಕಂಟೇನರ್ ಅದೇ ವಂಶದ್ದು. ತಂತ್ರಾಂಶದವರು ಈ ಉಪಾಯವನ್ನೂ ಹೆಸರನ್ನೂ ನಮ್ಮ ವಾಣಿಜ್ಯದಿಂದ ಸಾಲ ತೆಗೆದುಕೊಂಡರು. ಸಾಲ ಕೊಟ್ಟವರ ಮಕ್ಕಳಿಗೆ ಅದನ್ನು ಮುಟ್ಟಬೇಡಿ ಎಂದರೆ ಹೇಗೆ?

ಹೆಸರಿನ ಮಾತು ಬಿಡಿ, ಒಳಗಿನ ಕೆಲಸವನ್ನು ನೋಡಿ. ಕ್ಯೂಬರ್ನೆಟೀಸಿಗೆ ನಾವು "ಇದನ್ನು ಮಾಡು, ಆಮೇಲೆ ಅದನ್ನು ಮಾಡು" ಎಂದು ಹೇಳುವುದಿಲ್ಲ. "ಈ ವೆಬ್‌ಸೈಟಿನ ಮೂರು ಪ್ರತಿ ಇರಬೇಕು" ಎಂದು ಒಂದು ಫೈಲಿನಲ್ಲಿ ಬರೆದು ಕೊಡುತ್ತೇವೆ. ಅದು ಇರಬೇಕಾದ ಸ್ಥಿತಿ. ಇರುವ ಸ್ಥಿತಿ ಏನೆಂದು ಅದು ತಾನೇ ನೋಡುತ್ತದೆ. ಎರಡನ್ನೂ ಹೋಲಿಸುತ್ತದೆ. ವ್ಯತ್ಯಾಸ ಇದ್ದರೆ ಸರಿಪಡಿಸುತ್ತದೆ. ಮತ್ತೆ ನೋಡುತ್ತದೆ. ಈ ಕೆಲಸಕ್ಕೆ ಅವರು ಇಟ್ಟ ಹೆಸರು ರಿಕನ್ಸಿಲಿಯೇಷನ್. ಪ್ರಥಮ ಪಿಯುಸಿಯಲ್ಲಿ ಕ್ಯಾಶ್ ಬುಕ್ಕನ್ನೂ ಪಾಸ್ ಬುಕ್ಕನ್ನೂ ಎದುರುಬದುರು ಇಟ್ಟು ನಾವು ಮಾಡಿದ ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್‌ನಲ್ಲಿ ಇರುವುದೂ ಅದೇ ಪದ.

ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನಕ್ಕೆ ಬನ್ನಿ. ನಿಯಂತ್ರಣ ಎಂಬ ಅಧ್ಯಾಯದ ಐದು ಹಂತಗಳನ್ನು ನಾವು ಬಾಯಿಪಾಠ ಮಾಡುತ್ತೇವೆ: ಮಾನದಂಡ ನಿಗದಿ ಮಾಡುವುದು, ನಿಜವಾದ ಸಾಧನೆಯನ್ನು ಅಳೆಯುವುದು, ಎರಡನ್ನೂ ಹೋಲಿಸುವುದು, ವ್ಯತ್ಯಾಸವನ್ನು ವಿಶ್ಲೇಷಿಸುವುದು, ಸರಿಪಡಿಸುವ ಕ್ರಮ ಕೈಗೊಳ್ಳುವುದು. ಕ್ಯೂಬರ್ನೆಟೀಸ್ ಒಳಗೆ ಈ ಕೆಲಸ ಮಾಡುವ ಭಾಗಕ್ಕೆ ಕಂಟ್ರೋಲರ್ ಎಂದೇ ಹೆಸರು. ಪ್ರತಿಗಳ ಪಟ್ಟಿ ಕೇಳಿದರೆ ಪರದೆಯ ಮೇಲೆ ಮೂರು ಕಾಲಂ ಬರುತ್ತವೆ: ಎಷ್ಟು ಬೇಕು, ಎಷ್ಟು ಇವೆ, ಎಷ್ಟು ಸಿದ್ಧವಾಗಿವೆ. ಇಷ್ಟು ಚಿಕ್ಕ ತಃಖ್ತೆಯನ್ನು ಓದಲು ಪಿಸಿಎಂಸಿ ಬೇಕೇ? ನಾವು ಇದಕ್ಕಿಂತ ಉದ್ದದ ಅಡಾವೆ ಪತ್ರಿಕೆ ಓದುತ್ತೇವೆ.

ಇದನ್ನು ಓದಿ ಮಾತ್ರ ಹೇಳುತ್ತಿಲ್ಲ. ಮಾಮುವಿನ ಅಂಗಡಿಗೆ ಬಂದಿದ್ದ ಎರಡು ಹಳೆ ಲ್ಯಾಪ್‌ಟಾಪ್‌ಗಳನ್ನು ಕಳೆದ ರಜೆಯಲ್ಲಿ ಕೇಳಿ ತಂದೆ. ಒಂದರ ಸ್ಕ್ರೀನ್ ಒಡೆದಿತ್ತು, ಮನೆಯ ಟಿವಿಗೆ ಜೋಡಿಸಿಕೊಂಡೆ. ಹಂತಗಳನ್ನು ಇಲ್ಲಿ ಬರೆಯುತ್ತೇನೆ, ಏನೂ ಮಂತ್ರವಿಲ್ಲ ಎಂದು ತಿಳಿಯಲಿ.

ಮೊದಲು ಉಬುಂಟು ಸರ್ವರ್ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಿಂದ ಯಂತ್ರವನ್ನು ಶುರು ಮಾಡಿದರೆ ಅದು ಒಂದೊಂದಾಗಿ ಪ್ರಶ್ನೆ ಕೇಳುತ್ತದೆ, ಉತ್ತರ ಕೊಡುತ್ತಾ ಹೋಗಬೇಕು. ಕೊನೆಗೆ ಕಪ್ಪು ಪರದೆ ಬರುತ್ತದೆ. ಚಿತ್ರ ಇಲ್ಲ, ಮೌಸ್ ಬೇಡ. ಚಿತ್ರ ಇಲ್ಲದ ಕಾರಣಕ್ಕೇ ಹಳೆ ಯಂತ್ರಕ್ಕೆ ಹೊರೆ ಕಡಿಮೆ. ಎರಡನೆಯದಾಗಿ ಪ್ರತಿ ಯಂತ್ರಕ್ಕೂ ಬೇರೆ ಬೇರೆ ಹೆಸರು ಇಡಬೇಕು, ಬದಲಾಗದ ಐಪಿ ವಿಳಾಸ ಕೊಡಬೇಕು. ಹಾಜರಿ ಪುಸ್ತಕದಲ್ಲಿ ಇಬ್ಬರಿಗೆ ಒಂದೇ ರೋಲ್ ನಂಬರ್ ಇದ್ದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ.

ಮೂರನೆಯದು ಕ್ಯೂಬರ್ನೆಟೀಸ್. ಅದರ ಪೂರ್ಣ ರೂಪವನ್ನು ಕ್ಯೂಬ್‌ಅಡ್ಮಿನ್ ಎಂಬ ಸಾಧನದಿಂದ ಹಾಕಬಹುದು. ಅದಕ್ಕೆ ಪ್ರತಿ ಯಂತ್ರದಲ್ಲಿ ಕನಿಷ್ಠ 2 ಜಿಬಿ ರ್‍ಯಾಮ್ ಬೇಕು, ಮುಖ್ಯ ಯಂತ್ರದ ಪ್ರೊಸೆಸರಿಗೆ ಎರಡು ಕೋರ್ ಬೇಕು. ಸಾಮಾನ್ಯವಾಗಿ ಸ್ವಾಪ್ ಕೂಡ ನಿಲ್ಲಿಸಬೇಕು, ಅಂದರೆ ರ್‍ಯಾಮ್ ತುಂಬಿದಾಗ ಹಾರ್ಡ್ ಡಿಸ್ಕಿನ ಜಾಗವನ್ನು ಬಳಸುವ ಸೌಲಭ್ಯವನ್ನು ಆರಿಸಬೇಕು. ನೆಟ್‌ವರ್ಕಿನ ಭಾಗವನ್ನು ಬೇರೆಯಾಗಿ ಹಾಕಬೇಕು, ಅದನ್ನು ಹಾಕುವ ತನಕ ಯಂತ್ರ ಸಿದ್ಧವಿಲ್ಲ ಎಂದೇ ತೋರಿಸುತ್ತದೆ. ನಾನು ಆರಿಸಿದ್ದು ಅದರ ಹಗುರ ರೂಪವಾದ ಕೆ3ಎಸ್. 2019ರಲ್ಲಿ ರಾಂಚರ್ ಎಂಬ ಕಂಪನಿ ಹೊರತಂದದ್ದು. ಬೇಕಾದ ಭಾಗಗಳೆಲ್ಲ ಒಂದೇ ಫೈಲಿನಲ್ಲಿ ಇವೆ, ನೆಟ್‌ವರ್ಕಿನದೂ ಸೇರಿ. ಹೆಸರಿನಲ್ಲೂ ಒಂದು ತಮಾಷೆ ಇದೆ. ಇಂಗ್ಲಿಷಿನಲ್ಲಿ ಕ್ಯೂಬರ್ನೆಟೀಸ್ ಹತ್ತು ಅಕ್ಷರದ ಪದ. ಮೊದಲ, ಕೊನೆಯ ಅಕ್ಷರದ ನಡುವೆ ಎಂಟು ಉಳಿಯುತ್ತವೆ, ಹಾಗಾಗಿ ಅದನ್ನು ಕೆ8ಎಸ್ ಎಂದು ಚಿಕ್ಕದು ಮಾಡಿದರು. ಅದರ ಅರ್ಧ ತೂಕದ್ದು ಬೇಕೆಂದು ಹೊರಟವರು ಹತ್ತರ ಅರ್ಧ ಐದು, ನಡುವೆ ಮೂರು ಎಂದು ಕೆ3ಎಸ್ ಎಂದು ಕರೆದರು.

ಕೆ3ಎಸ್ ಹಾಕಲು ಒಂದೇ ಸಾಲಿನ ಆದೇಶ ಸಾಕು. ಇಂಟರ್ನೆಟ್ಟಿನಿಂದ ಒಂದು ಸ್ಕ್ರಿಪ್ಟ್ ಇಳಿಸಿಕೊಂಡು ಯಂತ್ರದ ಪೂರ್ಣ ಅಧಿಕಾರ ಕೊಟ್ಟು ಓಡಿಸುವುದು. ಇಲ್ಲಿ ನನ್ನ ಒಂದು ಅಭಿಪ್ರಾಯ ಇದೆ. ಸಾಲು ಒಂದೇ ಎಂದು ಕಣ್ಣು ಮುಚ್ಚಿ ಒತ್ತಬಾರದು. ಓದದೆ ಚೆಕ್ಕಿಗೆ ಸಹಿ ಹಾಕಬೇಡಿ ಎಂದು ನಮಗೆ ಕಲಿಸುತ್ತಾರಲ್ಲ, ಹಾಗೆಯೇ ಸ್ಕ್ರಿಪ್ಟನ್ನು ಮೊದಲು ಇಳಿಸಿಕೊಂಡು, ತೆರೆದು ಓದಿ, ಆಮೇಲೆ ಓಡಿಸಬೇಕು. ಎಲ್ಲ ಅರ್ಥವಾಗದಿದ್ದರೂ ಏನು ಎಲ್ಲಿ ಇಡುತ್ತದೆ, ಯಾವ ಸೇವೆ ಆರಂಭಿಸುತ್ತದೆ ಎಂಬುದು ತಿಳಿಯುತ್ತದೆ. ತೆಗೆದುಹಾಕುವ ಸ್ಕ್ರಿಪ್ಟನ್ನೂ ಅದೇ ಬರೆದಿಡುತ್ತದೆ. ಬೇಡವೆಂದರೆ ಒಂದು ಆದೇಶದಲ್ಲಿ ಎಲ್ಲ ವಾಪಸ್.

ಮೊದಲ ಯಂತ್ರ ಹೀಗೆ ಸರ್ವರ್ ಆಯಿತು. ಅದರಲ್ಲಿ ಒಂದು ಗುಪ್ತ ಟೋಕನ್ ಹುಟ್ಟುತ್ತದೆ. ಎರಡನೆಯ ಯಂತ್ರಕ್ಕೆ ಸರ್ವರಿನ ವಿಳಾಸವನ್ನೂ ಈ ಟೋಕನನ್ನೂ ಕೊಟ್ಟು ಅದೇ ಸ್ಕ್ರಿಪ್ಟ್ ಓಡಿಸಿದರೆ ಅದು ಸೇರಿಕೊಳ್ಳುತ್ತದೆ. ನಡುವೆ 6443ನೇ ಪೋರ್ಟ್ ತೆರೆದಿರಬೇಕು. ಎರಡೂ ಹೆಸರುಗಳ ಮುಂದೆ "ರೆಡಿ" ಎಂದು ಬಂದಾಗ ರಾತ್ರಿ ಹನ್ನೊಂದಾಗಿತ್ತು. ಅಬ್ಬಾ ಟಿವಿ ಯಾವಾಗ ಬಿಡುತ್ತೀಯ ಎಂದು ಮೂರನೆಯ ಸಲ ಕೇಳುತ್ತಿದ್ದರು.

ಆಮೇಲೆ ಒಂದು ಸಣ್ಣ ವೆಬ್ ಪುಟದ ಮೂರು ಪ್ರತಿ ಇರಲಿ ಎಂದು ಬರೆದುಕೊಟ್ಟೆ. ಒಂದು ಪ್ರತಿಯನ್ನು ನಾನೇ ಅಳಿಸಿದೆ. ಕೆಲವೇ ಸೆಕೆಂಡಿನಲ್ಲಿ ಹೊಸದು ಎದ್ದಿತು. ನಂತರ ಎರಡನೆಯ ಲ್ಯಾಪ್‌ಟಾಪಿನ ವಿದ್ಯುತ್ತನ್ನೇ ತೆಗೆದೆ, ಅದರ ಬ್ಯಾಟರಿ ಮೊದಲೇ ಸತ್ತಿತ್ತು. ಸುಮಾರು ಒಂದು ನಿಮಿಷಕ್ಕೆ "ರೆಡಿ" ಹೋಗಿ "ನಾಟ್ ರೆಡಿ" ಆಯಿತು. ಆದರೆ ಅದರಲ್ಲಿದ್ದ ಪ್ರತಿಗಳು ತಕ್ಷಣ ಮೊದಲ ಯಂತ್ರಕ್ಕೆ ಬರಲಿಲ್ಲ. ಇನ್ನೂ ಐದು ನಿಮಿಷ ಕಾಯಿತು. ಅದು ಕ್ಯೂಬರ್ನೆಟೀಸಿನ ಮೊದಲೇ ನಿಗದಿಯಾದ ನಿಯಮ, 300 ಸೆಕೆಂಡ್. ವಿದ್ಯುತ್ ಹೋಗಿ ಬರುವುದು, ಕೇಬಲ್ ಸಡಿಲವಾಗುವುದು ಎಲ್ಲೆಡೆ ಇದ್ದದ್ದೇ. ಪ್ರತಿ ಸಲ ಗಾಬರಿಯಾಗಿ ಎಲ್ಲವನ್ನೂ ಎತ್ತಿ ಸಾಗಿಸಿದರೆ ಗಲಾಟೆಯೇ ಹೆಚ್ಚು. ಎಷ್ಟು ಕಾಯಬೇಕು, ಯಾವಾಗ ಕೈಹಾಕಬೇಕು ಎಂಬುದು ತಂತ್ರಜ್ಞಾನದ ಪ್ರಶ್ನೆಯಷ್ಟೇ ಆಡಳಿತದ ಪ್ರಶ್ನೆ ಕೂಡ.

ಸರ್ವರ್ ಯಂತ್ರವೇ ಹೋದರೆ? ಎರಡನೆಯದರಲ್ಲಿ ಓಡುತ್ತಿದ್ದವು ಓಡುತ್ತಲೇ ಇರುತ್ತವೆ, ಆದರೆ ಉಸ್ತುವಾರಿ ಇರುವುದಿಲ್ಲ. ಸತ್ತದ್ದನ್ನು ಬೇರೆಡೆ ಎಬ್ಬಿಸುವವರಿಲ್ಲ. ಅದಕ್ಕೆ ಪರಿಹಾರ ಮೂರು ಸರ್ವರ್ ಇಡುವುದು. ಮೂರೂ ಸೇರಿ ಒಂದು ದಾಖಲೆ ಇಡುತ್ತವೆ, ಏನೇ ಬದಲಾವಣೆಗೂ ಬಹುಮತ ಬೇಕು. ಒಂದು ಹೋದರೂ ಮೂರರಲ್ಲಿ ಎರಡು ಉಳಿದು ಸಭೆ ನಡೆಯುತ್ತದೆ. ಬರೀ ಎರಡು ಇದ್ದರೆ ಒಂದು ಹೋದ ಕೂಡಲೇ ಬಹುಮತ ಹೋಗುತ್ತದೆ, ಕೆಲಸ ನಿಲ್ಲುತ್ತದೆ. ಇದಕ್ಕೆ ಅವರು ಕೋರಂ ಎನ್ನುತ್ತಾರೆ, ಕಂಪನಿ ಸಭೆಯ ಕೋರಂ ಎಂಬ ಅದೇ ಪದ. ಮನೆಯಲ್ಲಿ ನನಗೆ ಮೂರನೆಯ ಯಂತ್ರ ಇಲ್ಲ. ವರಾಂಡದಲ್ಲಿ ಹನ್ನೆರಡು ಇವೆ. ಮೂರೇ ಯಾಕೆ ಕೇಳುತ್ತಿದ್ದೇನೆ ಎಂಬುದಕ್ಕೆ ಉತ್ತರ ಇದು.

ವಿರೋಧವಾಗಿ ಬರುವ ಮಾತುಗಳು ನನಗೆ ಗೊತ್ತು. ಮೊದಲನೆಯದು, ಇದು ಪರೀಕ್ಷೆಗೆ ಬರುವುದಿಲ್ಲ. ನಿಜ. ಆದ್ದರಿಂದ ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಮಾತ್ರ, ಇಷ್ಟ ಇದ್ದವರಿಗೆ ಮಾತ್ರ. ಜನವರಿ ನಂತರ ದ್ವಿತೀಯ ಪಿಯು ವಿದ್ಯಾರ್ಥಿಗಳು ಬರುವುದು ಬೇಡ.

ಎರಡನೆಯದು, ವಾಣಿಜ್ಯದವರಿಗೆ ಟ್ಯಾಲಿ ಸಾಕು. ಟ್ಯಾಲಿ ಕಲಿಯಲೇಬೇಕು, ನಾನೂ ಕಲಿಯುತ್ತಿದ್ದೇನೆ. ಆದರೆ ಟ್ಯಾಲಿಯಲ್ಲಿ ಹಾಕಿದ ಲೆಕ್ಕ ಎಲ್ಲಿ ಕುಳಿತಿದೆ ಎಂದು ಕೇಳುವುದೂ ಲೆಕ್ಕದವರ ಕೆಲಸವೇ. ಕಂಪನಿಗಳು ಲೆಕ್ಕಪತ್ರವನ್ನು ಕಂಪ್ಯೂಟರಿನಲ್ಲಿ ಇಟ್ಟರೆ ಅದರ ಬ್ಯಾಕಪ್ಪನ್ನು ಪ್ರತಿದಿನ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕು ಎಂದು 2022ರಲ್ಲಿ ನಿಯಮ ಬಂತು. 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಸುವ ತಂತ್ರಾಂಶವನ್ನೇ ಬಳಸಬೇಕು. ಕಂಪನಿ ಕಾನೂನಿನ ನಿಯಮಗಳಲ್ಲೇ ಸರ್ವರ್ ಎಂಬ ಪದ ಬಂದ ಮೇಲೆ ಮುಂದೆ ಆಡಿಟರ್ ಆಗುವವರು ಸರ್ವರ್ ಎಂದರೆ ಏನೆಂದು ಒಮ್ಮೆಯಾದರೂ ನೋಡಿರಬೇಡವೇ?

ಮೂರನೆಯದು, ಮಕ್ಕಳು ಹಾಳು ಮಾಡುತ್ತಾರೆ. ಹಾಳಾದರೆ ಆಗಲಿ, ಅದಕ್ಕೇ ಹಳೆ ಯಂತ್ರ. ಆಫೀಸಿನ ನೆಟ್‌ವರ್ಕಿಗೆ ಅದನ್ನು ಜೋಡಿಸುವುದು ಬೇಡ. ಬೇರೆ ಒಂದು ಸ್ವಿಚ್ ಮತ್ತು ಮೂರು ಕೇಬಲ್ ಸಾಕು. ವಿದ್ಯಾರ್ಥಿಗಳ ಹೆಸರು, ಶುಲ್ಕ, ಅಂಕ ಯಾವುದನ್ನೂ ಅದರಲ್ಲಿ ಇಡಬಾರದು. ಸ್ಪಷ್ಟವಾಗಿ ಹೇಳುತ್ತೇನೆ, ನಮ್ಮ ಕಾಲೇಜಿನ ಕೆಲಸಕ್ಕೆ ಕ್ಯೂಬರ್ನೆಟೀಸ್ ಬೇಕಾಗಿಲ್ಲ. ಇಷ್ಟು ಚಿಕ್ಕ ಸಂಸ್ಥೆಗೆ ಒಂದೇ ಕಂಪ್ಯೂಟರ್ ಧಾರಾಳ. ಇದು ಕಲಿಯುವುದಕ್ಕೆ ಮಾತ್ರ.

ನಾಲ್ಕನೆಯದು, ಕಲಿಸುವವರು ಯಾರು? ಇದು ಗಟ್ಟಿ ಪ್ರಶ್ನೆ. ನಮ್ಮ ಉಪನ್ಯಾಸಕರಿಗೆ ಈಗಾಗಲೇ ಕೆಲಸ ಹೆಚ್ಚು. ಕಂಪ್ಯೂಟರ್ ಸೈನ್ಸ್ ಸರ್ ಒಬ್ಬರು ಬೀಗದ ಕೈಯ ಜವಾಬ್ದಾರಿ ತೆಗೆದುಕೊಂಡರೆ ಸಾಕು, ಹಂತಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಗೋಡೆಗೆ ಅಂಟಿಸುವ ಕೆಲಸ ನಾವು ಮಾಡುತ್ತೇವೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ಉಬುಂಟು ಆಧಾರದ ಮೇಲೆ ಅಲ್ಲಿನ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಹೈಸ್ಕೂಲ್ ಮಕ್ಕಳಿಗೆ ಆಗುವುದು ಪಿಯು ವಿದ್ಯಾರ್ಥಿಗಳಿಗೆ ಆಗದೇ?

ಲಿನಕ್ಸನ್ನು 1991ರಲ್ಲಿ ಶುರು ಮಾಡಿದ ಲೀನಸ್ ಟೊರ್ವಾಲ್ಡ್ಸ್ ಆಗ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಹುಡುಗ. ಅವನಿಗೂ ನಮಗೂ ವಯಸ್ಸಿನಲ್ಲಿ ನಾಲ್ಕೇ ವರ್ಷ ಅಂತರ. ಅವನ ಬಳಿ ಮುಟ್ಟಿ ನೋಡಲು ಒಂದು ಯಂತ್ರ ಇತ್ತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕಂಪ್ಯೂಟರ್ ಇದೆ? ನನ್ನ ಕ್ಲಾಸಿನ ಹೆಚ್ಚಿನವರಿಗೆ ಮೊಬೈಲೇ ಕಂಪ್ಯೂಟರ್, ಅದೂ ಮನೆಯವರೊಂದಿಗೆ ಹಂಚಿಕೊಂಡದ್ದು. ಅವರಿಗೆ ಕಾಲೇಜಿನಲ್ಲಿ ಸಿಗದಿದ್ದರೆ ಇನ್ನೆಲ್ಲೂ ಸಿಗುವುದಿಲ್ಲ. ಮಾಮುವಿನ ಗುಜರಿ ಅಂಗಡಿ ಎಲ್ಲರಿಗೂ ಇರುವುದಿಲ್ಲವಲ್ಲ.

ಇದರಿಂದ ನನಗೆ ಆಗುವ ಲಾಭ ಏನೂ ಇಲ್ಲ. ಮಾರ್ಚ್ ಪರೀಕ್ಷೆ ಮುಗಿದರೆ ನಾನು ಈ ಕಾಲೇಜು ಬಿಟ್ಟು ಹೋಗುತ್ತೇನೆ. ಕೇಳುತ್ತಿರುವುದು ಈಗ ಪ್ರಥಮ ಪಿಯುಸಿಯಲ್ಲಿ ಇರುವವರಿಗಾಗಿ, ಮುಂದಿನ ಜೂನ್‌ನಲ್ಲಿ ಹೊಸದಾಗಿ ಬರುವವರಿಗಾಗಿ. ಗೌರವಾನ್ವಿತ ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಗುಜರಿಯವರ ಆಟೋ ಬಂದಾಗ ಒಂಬತ್ತನ್ನು ತುಂಬಿಸಿ ಕಳಿಸಿ. ಮೂರನ್ನು ಒಳಗೆ ಇಡಿ. ಲ್ಯಾಬಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಶನಿವಾರ ಎಲ್ಲ ವಿಭಾಗದವರೂ ಬರಬಹುದು ಎಂದು. ಸಹಪಾಠಿಗಳೇ, ಬರಲು ಇಷ್ಟ ಇರುವವರು ನೋಟಿಸ್ ಬೋರ್ಡಿನ ಪಕ್ಕ ತೂಗುಹಾಕಿರುವ ಹಾಳೆಯಲ್ಲಿ ಹೆಸರು ಬರೆಯಿರಿ. ಎಷ್ಟು ಜನ ಬೇಕೆನ್ನುತ್ತಾರೆ ಎಂಬ ಲೆಕ್ಕ ಮೊದಲು ಸಿಗಲಿ.

— ದ್ವಿತೀಯ ಪಿಯುಸಿ, ಎಚ್‌ಇಬಿಎ